ಚಪ್ಪಾಳೆ ಇಲ್ಲದ ಬಾ

ನನ್ನ ಹೆಸರು ಇಲ್ಲ. ನನಗೆ ಹೆಸರಿಲ್ಲ ಎನ್ನುತ್ತಿಲ್ಲ, ಇಲ್ಲ ಎಂಬುದೇ ನನ್ನ ಹೆಸರು. ಹೊರಗಿನವರಿಗೆ ಇದನ್ನು ಬಿಡಿಸಿ ಹೇಳುವಷ್ಟರಲ್ಲಿ ಕಾಫಿ ಆರಿಹೋಗುತ್ತದೆ. ನಮ್ಮೂರಲ್ಲಿ ಬಿಡಿಸಿ ಹೇಳುವ ಪ್ರಮೇಯವೇ ಇರಲಿಲ್ಲ. ಮಗು ಮೊಟ್ಟಮೊದಲು ಸ್ಪಷ್ಟವಾಗಿ ಆಡಿದ ಮಾತೇ ಅದರ ಹೆಸರು. ತಾಯಿ ಚಾವಡಿಗೆ ಹೋಗಿ "ಕೇಳಿದೆ" ಎಂದು ಹೇಳಿದರೆ ಅಲ್ಲಿನವರು ಅದನ್ನು ದೊಡ್ಡ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಬೆಲ್ಲದ ಡಬ್ಬಿಗೆ ಕೈ ಹಾಕಿದವರು ಯಾರು ಎಂದು ಅಮ್ಮ ನನ್ನ ಅಣ್ಣನನ್ನು ಗದರಿಸುತ್ತಿದ್ದಾಗ, ಎರಡೂ ಕೆನ್ನೆಯಲ್ಲಿ ಬೆಲ್ಲ ತುಂಬಿಕೊಂಡು ಮೂಲೆಯಲ್ಲಿ ಕೂತಿದ್ದ ನಾನು "ಇಲ್ಲ" ಎಂದೆನಂತೆ. ಒಂದು ಸುಳ್ಳಿಗೆ ಜೀವನಪೂರ್ತಿ ಓಗೊಡುತ್ತ ಬಂದಿದ್ದೇನೆ.

ಎಂಥೆಂಥ ಹೆಸರಿನವರಿದ್ದರು ಆ ಊರಲ್ಲಿ! ಅಂಚೆಯವರ ಹೆಸರು ನಾಳೆ, ಆದರೆ ಕಾಗದವನ್ನು ಮಾತ್ರ ಅವತ್ತವತ್ತೇ ಮುಟ್ಟಿಸುತ್ತಿದ್ದರು. ಡಾಕ್ಟರ ಹೆಸರು ಇನ್ನೊಂದು. ಸೂಜಿ ಚುಚ್ಚಿಸಿಕೊಂಡ ಮಕ್ಕಳ ಮುಂದೆ ಅವರ ಹೆಸರೆತ್ತಿದರೆ ಆಸ್ಪತ್ರೆ ಹಾರಿಹೋಗುವಂತೆ ಅಳುತ್ತಿದ್ದವು. ಯಾವುದು ಮಾತು, ಯಾವುದು ಹೆಸರು ಎಂದು ತಿಳಿಯಲೆಂದೇ ಒಂದು ಪದ್ಧತಿ ಇತ್ತು. ಹೆಸರು ಹಿಡಿದು ಕರೆಯುವ ಮೊದಲು ಒಂದು ಚಪ್ಪಾಳೆ ತಟ್ಟಬೇಕು. ಚಪ್ಪಾಳೆ ಇದ್ದರೆ ಹೆಸರು, ಇರದಿದ್ದರೆ ಬರೀ ಮಾತು. ಬೆಳಗಿನ ಹೊತ್ತು ಬೀದಿಯಲ್ಲಿ ನಿಂತರೆ ಮನೆಮನೆಯಿಂದಲೂ ಚಪ್ಪಾಳೆ. ಮಕ್ಕಳನ್ನು ಎಬ್ಬಿಸುವುದು ಒಂದು ಥರ, ಹಾಲಿನವನನ್ನು ತಡೆದು ನಿಲ್ಲಿಸುವುದು ಇನ್ನೊಂದು ಥರ, ಅತ್ತೆ ಸೊಸೆಯನ್ನು ಕರೆಯುವುದಂತೂ ಮೂರನೇ ಬೀದಿಗೆ ಕೇಳಬೇಕು. ಕಣ್ಣು ಮುಚ್ಚಿಕೊಂಡೇ ಯಾರ ಮನೆಯಲ್ಲಿ ಯಾರಿಗೆ ಸಿಟ್ಟು ಬಂದಿದೆ ಎಂದು ಹೇಳಬಹುದಿತ್ತು. ಆ ಸದ್ದಿಲ್ಲದ ಬೆಳಗು ನನಗೆ ಈಗಲೂ ಬೆಳಗು ಅನ್ನಿಸುವುದಿಲ್ಲ.

ನಮ್ಮ ಪಕ್ಕದ ಮನೆಯವಳ ಹೆಸರು ಬಾ. ನಾವಿಬ್ಬರೂ ಒಂದೇ ವಯಸ್ಸಿನವರು, ಶಾಲೆಯಲ್ಲಿ ಒಂದೇ ಬೆಂಚು. ಹಾಜರಿ ಕೂಗುವಾಗ ಮೇಷ್ಟರು ಒಂದು ಚಪ್ಪಾಳೆ ತಟ್ಟಿ "ಇಲ್ಲ" ಎಂದರೆ ನಾನು ಎದ್ದು ನಿಂತು "ಇದ್ದೀನಿ ಸಾರ್" ಎನ್ನಬೇಕು. ಚಪ್ಪಾಳೆ ತಟ್ಟಿ "ಬಾ" ಎಂದರೆ ಅವಳು ಕೂತಲ್ಲಿಂದ ಅಲುಗಾಡದೆ "ಬಂದಿದ್ದೀನಿ ಸಾರ್" ಎನ್ನುತ್ತಿದ್ದಳು. ಮಧ್ಯಾಹ್ನ ಅವಳ ಅಮ್ಮನ ಮಂಡಕ್ಕಿ ಭಟ್ಟಿಗೆ ಓಡುತ್ತಿದ್ದೆವು. ಕಾದ ಮರಳಿಗೆ ಅಕ್ಕಿ ಬಿದ್ದು ಅರಳುವ ಸದ್ದು, ಜರಡಿ ಹಿಡಿದ ಅವಳ ಅಮ್ಮನ ಬೆವರು, ಲಂಗದ ಮಡಿಲಿಗೆ ಸುರಿಸಿಕೊಂಡ ಬಿಸಿ ಮಂಡಕ್ಕಿ. ಅದನ್ನು ಮುಕ್ಕುತ್ತ ಆರಿದ ಮರಳ ಗುಡ್ಡೆಯ ಮೇಲೆ ಸಂಜೆವರೆಗೆ ಹೊರಳಾಡುತ್ತಿದ್ದೆವು. ಅವಳಿಗೆ ಮದುವೆ ಒಗ್ಗಲಿಲ್ಲ. ಎರಡೇ ವರ್ಷಕ್ಕೆ ತವರಿಗೆ ಹಿಂತಿರುಗಿ ತಾಯಿಯ ಭಟ್ಟಿಯನ್ನು ಕೈಗೆ ತಗೊಂಡಳು. ನಾನು ಮದುವೆಯಾಗಿ ಬಂದದ್ದು ಅವಳ ಪಕ್ಕದ ಮನೆಗೇ. ನಮ್ಮಿಬ್ಬರ ನಡುವೆ ಎದೆಮಟ್ಟದ ಒಂದು ಮಣ್ಣಿನ ಗೋಡೆ, ಅದರ ಮೇಲೆ ದಿನಕ್ಕೆ ಹತ್ತು ಸಲ ದಾಟುವ ಬಟ್ಟಲು, ಪಾತ್ರೆ, ಮಾತು.

ಇನ್ನು ನಮ್ಮವರ ಹೆಸರು. ಈಗ ಬರೆಯಬಹುದು, ಯಾರೂ ಕೇಳುವವರಿಲ್ಲ. ಅವರ ಹೆಸರು ಆಯ್ತು. ಜಗಲಿಯ ಮೇಲೆ ಹೊಲಿಗೆ ಮಿಷನ್ ಇಟ್ಟುಕೊಂಡಿದ್ದರು. ಯಾರಾದರೂ ಬಂದು "ಕುಪ್ಪಸ ಆಯ್ತಾ?" ಎಂದರೆ "ನಾನು ಆಯ್ತು, ಕುಪ್ಪಸ ಇನ್ನೂ ಆಗಿಲ್ಲ" ಎಂದು ನಗುತ್ತಿದ್ದರು. ದಿನಕ್ಕೆ ನಾಲ್ಕು ಸಲ ಅದೇ ಹಾಸ್ಯ, ನಾಲ್ಕು ಸಲವೂ ಅಷ್ಟೇ ನಗು. ಗಂಡನ ಹೆಸರನ್ನು ಹೆಂಡತಿ ಬಾಯಲ್ಲಿ ತರಬಾರದು, ಚಪ್ಪಾಳೆ ಇದ್ದರೂ ಅಷ್ಟೇ, ಇರದಿದ್ದರೂ ಅಷ್ಟೇ ಎಂದು ನಮ್ಮತ್ತೆಯ ಕಟ್ಟಪ್ಪಣೆ. ಹೀಗಾಗಿ ಮದುವೆಯಾದ ದಿನದಿಂದ ಆ ಮಾತು ನನ್ನ ಪಾಲಿಗೆ ಇರಲಿಲ್ಲ. ಹಾಗಾದರೆ 'ಸರಿ' ಎನ್ನಬಹುದಿತ್ತಲ್ಲ ಎನ್ನುತ್ತೀರಿ. ಸರಿ ನಮ್ಮ ಮಾವನವರ ಹೆಸರು. ಒಪ್ಪಿಗೆ ಇದ್ದರೆ ನಾನು "ಹೂಂ" ಎನ್ನಬೇಕು, ಇಲ್ಲವೇ ತಲೆ ಆಡಿಸಬೇಕು. ಒಪ್ಪಿಗೆ ಇಲ್ಲದಿದ್ದರೆ ಬಾಯಿ ತುಂಬ ಮಾತಾಡಬಹುದಿತ್ತು. ಹಟಮಾರಿ ಎಂಬ ಬಿರುದು ನನಗೆ ಸುಮ್ಮನೆ ಬಂದದ್ದಲ್ಲ.

ನಮ್ಮ ಕೂಸಿಗೆ ಆಗ ಒಂದೂಮುಕ್ಕಾಲು ವರ್ಷ. ಹೆಣ್ಣು. ಓಡುತ್ತಿತ್ತು, ಹತ್ತುತ್ತಿತ್ತು, ಆದರೆ ಮಾತು ಬಂದಿರಲಿಲ್ಲ, ಹಾಗಾಗಿ ಹೆಸರೂ ಬಂದಿರಲಿಲ್ಲ. ನಾನು ಆಡಿ ಬೆಳೆದ ಮರಳಲ್ಲೇ ಅವಳೂ ಆಡುತ್ತಿದ್ದಳು. ಬೆಳಿಗ್ಗೆ ಮನೆಗೆಲಸದ ಹೊತ್ತಿಗೆ ಅವಳನ್ನು ಗೋಡೆಯಾಚೆ ಇಳಿಸಿಬಿಟ್ಟರೆ ಬಾ ನೋಡಿಕೊಳ್ಳುತ್ತಿದ್ದಳು. ಒಂದು ದಿನ ಕೂಸು ಎದ್ದೊಡನೆ "ಬ್ಬ, ಬ್ಬ" ಎಂದಿತು. ಇನ್ನೇನು ಹೆಸರು ಬಂದೇಬಿಟ್ಟಿತು ಎಂದು ನನಗೆ ಹಿಗ್ಗೋ ಹಿಗ್ಗು. ಅವಳನ್ನು ಎಂದಿನಂತೆ ಗೋಡೆಯಾಚೆ ಇಳಿಸಿ ಹೆಸರುಬೇಳೆ ಪಾಯಸ ಮಾಡಿದೆ. ದೊಡ್ಡ ಬಟ್ಟಲಿನ ತುಂಬ ತುಂಬಿಸಿ, ತುಳುಕಬಾರದೆಂದು ಎರಡೂ ಕೈಯಲ್ಲಿ ಹಿಡಿದು ಗೋಡೆಯ ಹತ್ತಿರ ಹೋದೆ.

ಬಾ ನನಗೆ ಬೆನ್ನು ಹಾಕಿ ಭಟ್ಟಿಯ ಮುಂದೆ ನಿಂತಿದ್ದಳು. ಕಪ್ಪಾದ ಮರಳನ್ನು ಆಗ ತಾನೇ ತೆಗೆದು ಅಂಗಳದಲ್ಲಿ ಹರವಿದ್ದಳು. ಬಿಸಿ ಮರಳಾದರೆ ಅದರ ಮೇಲೆ ಗೋಣಿ ಹೊದಿಸಿ ಬುಟ್ಟಿ ಕವುಚಿಡುವುದು ಅವಳ ಅಮ್ಮನ ಕಾಲದಿಂದ ನಡೆದು ಬಂದದ್ದು. ಅವತ್ತು ಹೊದಿಸಿರಲಿಲ್ಲ. ಮದುವೆ ಮನೆಯೊಂದಕ್ಕೆ ಮಂಡಕ್ಕಿ ತುಂಬಿ ಕೊಡಲು ಇದ್ದಬದ್ದ ಗೋಣಿಯೆಲ್ಲ ಖರ್ಚಾಗಿತ್ತು. ಕೂಸು ಅಂಗಳದ ಆಚೆ ತುದಿಯಲ್ಲಿ ಕೋಳಿಮರಿ ನೋಡುತ್ತ ಕೂತಿತ್ತು. ನಾನು ಗೋಡೆಯ ಈಚೆ ನಿಂತು "ಬಾ! ಏ ಬಾ!" ಎಂದು ಕೂಗಿದೆ. ಬಾ ತಿರುಗಲಿಲ್ಲ. ಕೂಸು ತಿರುಗಿತು. ನನ್ನನ್ನು ನೋಡಿ, ಇದ್ದ ಹಲ್ಲನ್ನೆಲ್ಲ ತೋರಿಸಿ ನಕ್ಕಿತು. ಎದ್ದು, ಕೈ ಚಾಚಿಕೊಂಡು, ನೆಟ್ಟಗೆ ನನ್ನ ಕಡೆಗೆ ನಡೆದುಬಂತು. ನಾಲ್ಕು ಹೆಜ್ಜೆ. ನಾಲ್ಕನೆಯದಕ್ಕೆ ಮುಗ್ಗರಿಸಿ ಆ ಬಿಸಿ ಮರಳಿಗೆ ಬಲಗೈ ಊರಿತು. ಪಾಯಸದ ಬಟ್ಟಲು ಯಾವಾಗ ಬಿತ್ತು, ನಾನು ಆ ಗೋಡೆಯನ್ನು ಹೇಗೆ ಹಾರಿದೆ, ಎರಡೂ ನನಗೆ ನೆನಪಿಲ್ಲ. ಬಾ ನನಗಿಂತ ಮೊದಲೇ ಬರಿಗಾಲಲ್ಲಿ ಮರಳಿಗಿಳಿದು ಕೂಸನ್ನು ಎತ್ತಿದ್ದಳು.

ಎರಡೂ ಅಂಗಾಲು, ಬಲ ಅಂಗೈ. ಎಡಗಾಲಿನ ಬೆರಳು ಒಂದಕ್ಕೊಂದು ಅಂಟಿಕೊಳ್ಳಬಹುದು, ನಡಿಗೆ ಕುಂಟಾದರೂ ಆಗಬಹುದು, ಕಾದು ನೋಡಬೇಕು ಎಂದರು ಡಾಕ್ಟರು. ಎರಡು ತಿಂಗಳು ಪಟ್ಟಿ ಕಟ್ಟಿಸಿಕೊಂಡು ಕೂಸು ನನ್ನ ಮಡಿಲಲ್ಲೇ ಇತ್ತು. ಅದಕ್ಕಿಂತ ನನ್ನನ್ನು ಕೊಂದದ್ದು ಬೇರೆ. ಅವತ್ತಿನಿಂದ ಅವಳು "ಬ್ಬ" ಎನ್ನುವುದನ್ನೂ ನಿಲ್ಲಿಸಿದಳು. ಅಳುವಾಗ ಮಾತ್ರ ಸದ್ದು, ಮಿಕ್ಕಂತೆ ಬಾಯಿಗೆ ಬೀಗ. ಬಾ ಅವತ್ತು ಸಂಜೆ ತನ್ನ ಕಾಲಿಗೂ ಪಟ್ಟಿ ಸುತ್ತಿಕೊಂಡು ಕುಂಟುತ್ತ ಬಂದಳು. ನಾನು ಬಾಗಿಲಲ್ಲೇ ನಿಂತು ಅಂದೆ, "ಕಾಲು ಅಷ್ಟೇ ಅಲ್ಲ ಕಣೆ, ನೀನು ನನ್ನ ಮಗಳ ಹೆಸರನ್ನೂ ಸುಟ್ಟೆ." ಅವಳು ಏನೋ ಹೇಳಲು ಬಾಯಿ ತೆರೆದಳು. ನಾನು ಬಾಗಿಲು ಹಾಕಿಕೊಂಡೆ.

ವಾರ ಕಳೆಯುವುದರೊಳಗೆ ವಕೀಲರ ಹತ್ತಿರ ಹೋದೆವು. ಹಿಟ್ಟಿನ ಗಿರಣಿಯ ಮಹಡಿಯಲ್ಲಿ ಅವರ ಕಚೇರಿ, ಕಾಗದ ಪತ್ರದ ಮೇಲೆಲ್ಲ ತೆಳ್ಳಗೆ ರಾಗಿಹಿಟ್ಟು. ಅವರ ಹೆಸರು ತಡಿ. ಅವರ ಕೈಗೆ ಸಿಕ್ಕ ವ್ಯಾಜ್ಯ ಬೇಗ ಮುಗಿದದ್ದನ್ನು ಊರಲ್ಲಿ ಯಾರೂ ಕಂಡಿರಲಿಲ್ಲ, ಆದರೆ ಮನುಷ್ಯ ಒಳ್ಳೆಯವರು. ನಾನು ಅಳುತ್ತ ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು.

"ತಡೀರಿ ತಾಯಿ, ಮಗೂ ಹೆಸರೇನು?"

"ಇನ್ನೂ ಬಂದಿಲ್ಲ ಸ್ವಾಮಿ."

"ಹೆಸರಿಲ್ಲದೋರು ದಾವೆ ಹೂಡೋಕಾಗಲ್ವಲ್ಲ. ಗಾಯ ಆದ ಮೂರು ತಿಂಗಳೊಳಗೆ ಹೆಸರು ಬರಬೇಕು. ಬಂತು ಅಂದ್ರೆ ಕೇಸು ಗಟ್ಟಿ ಐತೆ. ಗೋಣಿ ಹೊದಿಸಿಲ್ಲ ಅನ್ನೋದು ಅವರದ್ದೇ ತಪ್ಪು. ಗೆದ್ರೆ ಭಟ್ಟಿಗೆ ನೀರು ಹುಯ್ಯಿಸ್ತಾರೆ, ಮತ್ತೆ ಹಚ್ಚೋ ಹಂಗಿಲ್ಲ." ಆಮೇಲೆ ಕನ್ನಡಕ ಏರಿಸಿ ಒಂದು ಉದ್ದನೆಯ ಹಾಳೆ ತೆಗೆದರು. "ಈಗ ಮಾತಿನ ಯಾದಿ. ಆ ಹೊತ್ತಲ್ಲಿ ಅಲ್ಲಿ ಯಾರ್ಯಾರು ಏನೇನು ಮಾತಾಡಿದ್ರು, ಒಂದೂ ಬಿಡದ ಹಾಗೆ ಹೇಳಬೇಕು. ನಮ್ಮೂರ ಕೋರ್ಟು ಹಾಗೆ, ಗೊತ್ತಲ್ಲ."

"ನಾನು ಅವಳನ್ನ ಕರೆದೆ. ಬಾ ಅಂತ."

ಲೇಖನಿ ನಿಂತಿತು. "ಚಪ್ಪಾಳೆ ಸಹಿತವೋ, ರಹಿತವೋ?"

ಕೆಳಗೆ ಗಿರಣಿ ಗುಡುಗುಡು ಎನ್ನುತ್ತಿತ್ತು. ಆ ಕ್ಷಣದವರೆಗೆ ನಾನು ಅದನ್ನು ಯೋಚಿಸಿಯೇ ಇರಲಿಲ್ಲ ಎಂದರೆ ನೀವು ನಂಬಬೇಕಾಗಿಲ್ಲ, ನಾನೇ ಅರ್ಧ ನಂಬುವುದಿಲ್ಲ. ನನ್ನ ಎರಡೂ ಕೈಯಲ್ಲಿ ಬಟ್ಟಲು. ಬಟ್ಟಲಿನ ಬಿಸಿ ಅಂಗೈಗೆ ಮತ್ತೆ ತಾಕಿದ ಹಾಗಿತ್ತು. ಕೂಸು ನಕ್ಕದ್ದು, ನನ್ನ ಕಡೆಗೆ ಕೈ ಚಾಚಿದ್ದು.

"ಸಹಿತ," ಎಂದೆ.

ಅವರು ಬರೆದುಕೊಂಡರು. ಹುಟ್ಟಿದ ಮೇಲೆ ನನ್ನ ಮೊದಲ ಮಾತೇ ಸುಳ್ಳು ಎಂದೆನಲ್ಲ, ಅದಕ್ಕೆ ಬೆಲ್ಲದ ಸವಿಯಾದರೂ ಇತ್ತು. "ಹಾಗಾದ್ರೆ ದಾವೆ ಹೂಡೋಕೆ ನಿಮ್ಮ ಒಪ್ಪಿಗೆ ಐತಾ?" ಎಂದು ಕೇಳಿದರು. ನಾನು "ಹೂಂ" ಎಂದೆ. "ಹೂಂ ಕಾನೂನಲ್ಲಿ ನಡೆಯಲ್ಲ ತಾಯಿ, ಬಾಯ್ಬಿಟ್ಟು ಹೇಳಬೇಕು." ನಾನು ನಮ್ಮವರ ಮುಖ ನೋಡಿದೆ. ಅವರು ನೆಲ ನೋಡುತ್ತ, ನನ್ನ ಪರವಾಗಿ "ಆಯ್ತು" ಎಂದರು. ತಮ್ಮ ಹೆಸರನ್ನು ಅಷ್ಟು ಸಣ್ಣಗೆ ಅವರು ಹೇಳಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಯಾದಿಗೆ ಇನ್ನೊಬ್ಬರ ಸಾಕ್ಷಿಯೂ ಬೇಕು ಎಂದರು ವಕೀಲರು. ನಮ್ಮವರು ಆ ಹೊತ್ತು ಜಗಲಿಯ ಮೇಲೇ ಇದ್ದರು.

ಮನೆಗೆ ಬಂದ ಮೇಲೆ ಸಂಜೆ ಮಿಷನ್ನಿನ ಪಕ್ಕ ಕೂತು ಕೇಳಿದೆ, "ರೀ, ನಾನು ಚಪ್ಪಾಳೆ ತಟ್ಟಿದ್ದು ಕೇಳಿಸ್ತು ಅಂತ ನೀವು ಹೇಳ್ಬೇಕು." ಅವರು ಸೂಜಿಗೆ ದಾರ ಪೋಣಿಸುತ್ತಿದ್ದರು. ದಾರ ಎರಡು ಸಲ ತಪ್ಪಿತು. ಯಾರು ಏನು ಕೇಳಿದರೂ ತಲೆಯಾಡಿಸುವ ಮನುಷ್ಯ. ತೋಳು ಉದ್ದ ಇರಲಿ ಎಂದರೆ ಉದ್ದ, ಗಿಡ್ಡ ಇರಲಿ ಎಂದರೆ ಗಿಡ್ಡ.

"ಅದೊಂದು ಆಗಲ್ಲ ಕಣೆ," ಎಂದರು.

"ಯಾಕೆ?"

"ನಾನು ಕೇಳಿಸ್ಕೊಂಡಿದ್ದು ಬರೀ 'ಬಾ' ಅಂತ. ನಾನೂ ನೀನು ಕೂಸನ್ನೇ ಕರೀತಿದೀಯ ಅಂದ್ಕೊಂಡೆ."

ಅವರೊಂದಿಗೆ ನಾನು ಹದಿನೈದು ದಿನ ಮಾತು ಬಿಟ್ಟೆ. ಅವರು ನನ್ನನ್ನು ಬೈಯಲಿಲ್ಲ, ಮತ್ತೆ ಆ ವಿಷಯ ಎತ್ತಲೂ ಇಲ್ಲ. ಅದೇ ನನಗೆ ತಡೆಯಲಾಗದ್ದು. ಬೈದಿದ್ದರೆ ತಿರುಗಿ ಬೈದು ಹಗುರಾಗುತ್ತಿದ್ದೆ. ಒಬ್ಬಳೇ ಹೋಗಿ ದಾವೆ ಹೂಡುತ್ತೇನೆ, ಸಾಕ್ಷಿಗೆ ಬೇರೆ ಯಾರನ್ನಾದರೂ ಹಿಡಿಯುತ್ತೇನೆ ಎಂದು ಹಟ ಕಟ್ಟಿಕೊಂಡೆ. ಅದಕ್ಕೆ ಬೇಕಾದದ್ದು ಕೂಸಿನ ಒಂದು ಮಾತು. ದಿನವಿಡೀ ಅವಳನ್ನು ಮುಂದೆ ಕೂರಿಸಿಕೊಂಡು "ಹೂ ಅನ್ನು, ಹಾಲು ಅನ್ನು, ಕಾಗೆ ಅನ್ನು" ಎಂದು ಪೀಡಿಸಿದೆ. ಬೇರೆ ತಾಯಂದಿರು ಮಗುವಿನ ಮೊದಲ ಮಾತಿಗಾಗಿ ಕಾಯುವುದು ಮುದ್ದಿಗೆ. ನಾನು ಕಾದದ್ದು ಮೊಕದ್ದಮೆಗೆ. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಪಟ್ಟಿ ಬಿಚ್ಚಿದ ಮೇಲೆ ಇನ್ನೊಂದು ಸಂಗತಿ ಗಮನಕ್ಕೆ ಬಂತು. ಕೂಸು ಗೋಡೆ ಹಿಡಿದು ಮೆಲ್ಲಗೆ ನಡೆಯುತ್ತಿತ್ತು, ಎಡಗಾಲನ್ನು ಸ್ವಲ್ಪ ಎಳೆದು ಹಾಕುತ್ತಿತ್ತು. ನಾನು ದೂರ ಕೂತು "ಬಾ ಕಂದ, ಬಾ" ಎಂದರೆ ಬರುತ್ತಿರಲಿಲ್ಲ. ನಿಂತಲ್ಲೇ ನಿಂತು ನನ್ನ ಕೈ ನೋಡುತ್ತಿತ್ತು. ಮುಖವನ್ನಲ್ಲ, ಕೈಯನ್ನು. ಕಾಲು ನೋಯುತ್ತಿರಬೇಕು ಎಂದುಕೊಂಡು ನಾನೇ ಎದ್ದು ಹೋಗಿ ಎತ್ತಿಕೊಳ್ಳುತ್ತಿದ್ದೆ.

ಬಾ ಮಾತ್ರ ದಿನಾ ಬೆಳಿಗ್ಗೆ ಗೋಡೆಯ ಹತ್ತಿರ ಬಂದು ಒಂದು ಪೊಟ್ಟಣ ಬಿಸಿ ಮಂಡಕ್ಕಿ ಇಟ್ಟು ಹೋಗುತ್ತಿದ್ದಳು. ಮಾತಿಲ್ಲ, ಕತೆಯಿಲ್ಲ. ನಾನು ಮುಟ್ಟುತ್ತಿರಲಿಲ್ಲ. ಅಳಿಲುಗಳು ದುಂಡಗಾದವು. ಅವಳ ಅಂಗಳದಲ್ಲಿ ಮರಳಿನ ಸುತ್ತ ಈಗ ಬಿದಿರಿನ ಬೇಲಿ ಎದ್ದಿತ್ತು. ಒಂದೊಂದು ದಿನ ಗಾಳಿ ಈ ಕಡೆ ಬೀಸಿ ಭಟ್ಟಿಯ ವಾಸನೆ ಬಂದರೆ, ಲಂಗದ ಮಡಿಲು, ಮಂಡಕ್ಕಿ, ಅವಳ ಅಮ್ಮ ಎಲ್ಲ ಒಟ್ಟಿಗೆ ಮೇಲೆ ಬೀಳುತ್ತಿದ್ದವು. ಆಗ ಕಿಟಕಿ ಮುಚ್ಚಿಕೊಳ್ಳುತ್ತಿದ್ದೆ. ಒಬ್ಬರ ಮೇಲೆ ಕೇಸು ಹಾಕುವಾಗ ಅವರ ಅಮ್ಮನ ನೆನಪಾಗಬಾರದು.

ಮೂರು ತಿಂಗಳು ತುಂಬಲು ಆರು ದಿನ ಉಳಿದಿದ್ದವು. ಬೆಳಗಿನ ಎಳೆಬಿಸಿಲು. ಹಿತ್ತಲ ಕಟ್ಟೆಯ ಮೇಲೆ ನಾನು ಅಕ್ಕಿ ಕೇರುತ್ತಿದ್ದೆ. ಕೂಸು ಕಂಬ ಹಿಡಿದು ನಿಂತಿತ್ತು. ಬಾ ಎಂದಿನಂತೆ ಬಂದು ಪೊಟ್ಟಣ ಇಟ್ಟು ಹಿಂತಿರುಗಿದಳು. ಅಷ್ಟರಲ್ಲಿ ಕೂಸು ಕಂಬ ಬಿಟ್ಟಿತು. ಎರಡೂ ಕೈ ಎತ್ತಿ ಚಪ್ಪಾಳೆ ತಟ್ಟಿತು. ಬಲ ಅಂಗೈಯ ಚರ್ಮ ಇನ್ನೂ ಬಿಗಿಯಾಗಿದ್ದರಿಂದ ಸದ್ದು ಬರಲಿಲ್ಲ. ಮತ್ತೊಮ್ಮೆ, ಕೆಳತುಟಿ ಕಚ್ಚಿಕೊಂಡು, ಜೋರಾಗಿ ತಟ್ಟಿತು. ಈ ಸಲ ಕೇಳಿಸಿತು.

"ಬಾ," ಎಂದಿತು.

ಮೊರ ನನ್ನ ಕೈಯಲ್ಲೇ ಉಳಿಯಿತು. ಗೋಡೆಯಾಚೆ ಬಾ ತಿರುಗಿ ನಿಂತಿದ್ದಳು. ನನಗೆ ಒಮ್ಮೆಗೇ ಎಲ್ಲ ಹೊಳೆಯಿತು. ಕೂಸು ನನ್ನ ಕೈಯಲ್ಲಿ ಹುಡುಕುತ್ತಿದ್ದದ್ದು ಇದನ್ನೇ. ಚಪ್ಪಾಳೆ ಇದ್ದರೆ ಅದು ಪಕ್ಕದ ಮನೆಯವಳಿಗೆ, ಇರದಿದ್ದರೆ ಅದು ತನಗೆ. ತನಗೆ ಎಂದು ಬಂದರೆ ಕಾಲು ಸುಡುತ್ತದೆ. ಎರಡು ವರ್ಷ ತುಂಬದ ಮಗು ಇಷ್ಟನ್ನು ತಾನೇ ಕಲಿತುಕೊಂಡಿತ್ತು, ಕಲಿಸಿದವಳು ನಾನು.

ಬಾ ನನ್ನನ್ನು ನೋಡಿದಳು. ಮೂರು ತಿಂಗಳಲ್ಲಿ ಕಣ್ಣ ಕೆಳಗೆ ಕಪ್ಪು ಇಳಿದಿತ್ತು. "ನಾನೇನೂ ಕೇಳಿಸ್ಕೊಂಡಿಲ್ಲ ಕಣೆ," ಎಂದಳು. "ನಾಳೆ ನಾಡಿದ್ದರಲ್ಲಿ ಇನ್ನೊಂದು ಮಾತು ಬರುತ್ತೆ. ಅದನ್ನೇ ಬರೆಸು. ಕಾಲು ಸುಟ್ಟವಳ ಹೆಸರು ಅದಕ್ಯಾಕೆ?"

ನಾನು ಮೊರ ಕೆಳಗಿಟ್ಟು ಗೋಡೆಯ ಹತ್ತಿರ ಹೋದೆ. ಒಂದು ಚಪ್ಪಾಳೆ ತಟ್ಟಿದೆ. "ಬಾ, ನಾನು ಅವತ್ತು ಚಪ್ಪಾಳೆ ತಟ್ಟಲಿಲ್ಲ ಕಣೆ. ಕೈಯಲ್ಲಿ ಪಾಯಸ ಇತ್ತು."

"ಗೊತ್ತು."

"ಗೊತ್ತಾ?"

"ಅದಕ್ಕೇ ನಾನು ತಿರುಗಲಿಲ್ಲ. ನೀನು ಮಗೂನ ಕರೀತಿದೀಯ, ನೀನೇ ನೋಡ್ಕೋತೀಯ ಅಂದ್ಕೊಂಡೆ. ಗೋಣಿ ಹೊದಿಸಿಲ್ಲ ಅನ್ನೋದು ಆಗಲೇ ನಂಗೆ ನೆನಪಾಗ್ಬೇಕಿತ್ತು. ಆಗ್ಲಿಲ್ಲ. ನಮ್ಮಮ್ಮ ಇದ್ದಿದ್ರೆ ಸೌಟು ತಗೊಂಡು ಬಾರಿಸ್ತಿದ್ಳು."

"ಮತ್ತೆ ಯಾಕೆ ಯಾರಿಗೂ ಹೇಳಲಿಲ್ಲ? ವಕೀಲರು ನಿನ್ನನ್ನೂ ಕರೆಸಿ ಕೇಳಿದ್ರಂತಲ್ಲ?"

ಬಾ ಗೋಡೆಯ ಮೇಲೆ ಉದುರಿದ್ದ ಮಂಡಕ್ಕಿಯನ್ನು ಒಂದೊಂದಾಗಿ ಆರಿಸಿ ಪೊಟ್ಟಣಕ್ಕೆ ಹಾಕುತ್ತಿದ್ದಳು. "ಹೆತ್ತವಳು ಕರೆದಳು, ಅದಕ್ಕೆ ಸುಟ್ಕೊಂಡ್ತು ಅಂತ ಆ ಕೂಸಿನ ಕಾಗದದಲ್ಲಿ ಇರ್ಬೇಕಾ? ನಾಳೆ ದೊಡ್ಡವಳಾಗಿ ಓದ್ಕೊಳಲ್ವಾ? ಭಟ್ಟಿ ಹೋದ್ರೆ ಹೋಗ್ಲಿ, ಇನ್ನೇನಾದ್ರೂ ಮಾಡ್ಕೊಂಡು ತಿಂತೀನಿ."

ನಾನು ಗೋಡೆಗೆ ತಲೆಯೊರಗಿಸಿ ಅತ್ತೆ. ಮೂರು ತಿಂಗಳಲ್ಲಿ ಕೂಸಿಗಾಗಿ ಅತ್ತದ್ದೆಲ್ಲ ಒಂದು ತೂಕ, ಅವತ್ತು ಅತ್ತದ್ದು ಇನ್ನೊಂದು. ಅವಳ ಕೈ ನನ್ನ ತಲೆಯ ಮೇಲೆ ಇತ್ತು. ಅದಕ್ಕೆ ಹೊಗೆ, ಉಪ್ಪು, ಹುರಿದ ಅಕ್ಕಿಯ ವಾಸನೆ. ಆ ಹೊತ್ತಿಗೆ ನಮ್ಮಿಬ್ಬರನ್ನೂ ಲೆಕ್ಕಕ್ಕಿಡದೆ ಕೂಸು ಗೋಡೆ ಹಿಡಿದು ಬಂದು, ಪೊಟ್ಟಣಕ್ಕೆ ಕೈ ಚಾಚಿ, ಇನ್ನೊಂದು ಚಪ್ಪಾಳೆ ತಟ್ಟಿತು.

ಮಾರನೆಯ ದಿನ ಚಾವಡಿಗೆ ಹೋಗಿ "ಕೇಳಿದೆ" ಎಂದೆ. ದೊಡ್ಡ ಪುಸ್ತಕದಲ್ಲಿ ನನ್ನ ಮಗಳ ಹೆಸರು ಬಾ ಎಂದು ಬರೆದರು. ಅಲ್ಲಿಂದ ಮೂವರೂ ಗಿರಣಿಯ ಮಹಡಿ ಹತ್ತಿದೆವು. ನಮ್ಮವರು ಕೂಸನ್ನು ಹೆಗಲ ಮೇಲೆ ಕೂರಿಸಿಕೊಂಡು ಕಿಟಕಿಯ ಹತ್ತಿರ ನಿಂತು, ಕೆಳಗೆ ಚೀಲ ಹೊರುವವರನ್ನು ತೋರಿಸುತ್ತಿದ್ದರು. ತಡಿಯವರು ಹೆಸರು ಕೇಳಿ ಹಾಳೆಯಲ್ಲಿ ತುಂಬಿ, ಗಟ್ಟಿಯಾಗಿ ಓದಿದರು. "ವಾದಿ ಬಾ, ಪ್ರತಿವಾದಿ ಬಾ." ಮತ್ತೆ ಓದಿದರು. "ತಡೀರಿ, ತಡೀರಿ. ಇದನ್ನ ಕೋರ್ಟಲ್ಲಿ ಓದಿದ್ರೆ ಜಡ್ಜು ಯಾರೋ ತನ್ನನ್ನ ಕರೀತಿದಾರೆ ಅಂದ್ಕೋತಾರೆ."

"ಸ್ವಾಮಿ, ಯಾದಿಯಲ್ಲಿ ಒಂದು ತಿದ್ದಬೇಕು," ಎಂದೆ. "ಚಪ್ಪಾಳೆ ರಹಿತ."

ಅವರು ಕನ್ನಡಕ ತೆಗೆದರು. ಗಿರಣಿಯ ಸದ್ದಿಗೆ ಮೇಜಿನ ಮೇಲಿನ ಹಿಟ್ಟು ಸಣ್ಣಗೆ ಅಲುಗುತ್ತಿತ್ತು. "ಗೋಣಿ ಹೊದಿಸದೇ ಇದ್ದಿದ್ದು ಹಾಗೇ ಐತೆ ತಾಯಿ," ಎಂದರು ಕೊನೆಗೆ. "ತಿದ್ದಿದ್ರೂ ಕೇಸು ನಿಲ್ಲುತ್ತೆ. ಅರ್ಧ ತಪ್ಪು ಅವರದ್ದು, ಅರ್ಧ ನಿಮ್ಮದು ಅಂತ ಆಗಬಹುದು. ಭಟ್ಟಿಗಂತೂ ನೀರು ಬೀಳುತ್ತೆ. ಹೂಡೋದಾ? ಇಲ್ಲಾಂದ್ರೆ ಇದನ್ನ ಇಲ್ಲೇ ಹರಿದುಹಾಕ್ತೀನಿ. ಹರಿದ ಮೇಲೆ ಮತ್ತೆ ಬರೋ ಹಂಗಿಲ್ಲ, ನಾಳೆ ಕಾಲು ಕುಂಟಾಯ್ತು ಅಂತ ಅಂದ್ರೂ ಇಲ್ಲ. ಯೋಚನೆ ಮಾಡಿ ಹೇಳಿ. ಹರಿದುಹಾಕ್ಲಾ?"

ಕೂಸಿನ ಎಡಗಾಲು ನಮ್ಮವರ ಎದೆಯ ಮೇಲೆ ಇಳಿಬಿದ್ದಿತ್ತು. ಅಂಗಾಲು ಗುಲಾಬಿ ಬಣ್ಣ, ನುಣುಪು, ಅದರ ಮೇಲೆ ಗೆರೆಗಳೇ ಉಳಿದಿರಲಿಲ್ಲ. ನಾಳೆ ಇವಳು ಕುಂಟಿದರೆ ನನ್ನನ್ನು ಏನೆನ್ನುತ್ತಾಳೆ ಎಂದು ಯೋಚಿಸಿದೆ. ಕುಂಟದೆ ನಡೆದು, ಪಕ್ಕದ ಮನೆ ಯಾಕೆ ಖಾಲಿ ಬಿದ್ದಿದೆ ಎಂದು ಕೇಳಿದರೆ ಏನು ಹೇಳಲಿ ಎಂದೂ ಯೋಚಿಸಿದೆ.

"ಹೂಂ," ಎಂದೆ.

"ಹೂಂ ನಡೆಯಲ್ಲ ತಾಯಿ."

ನಮ್ಮವರ ಕಡೆ ನೋಡಿದೆ. ಅವರಿಗೆ ಕೇಳಿಸಿತ್ತು, ಬೆನ್ನು ನೆಟ್ಟಗಾದದ್ದು ಕಂಡೆ. ಆದರೆ ಈ ಸಲ ಅವರು ನನಗಾಗಿ ಹೇಳಲಿಲ್ಲ. ಕಿಟಕಿಯಾಚೆಯೇ ನೋಡುತ್ತ ನಿಂತರು. ನನ್ನ ಮಗಳ ವಿಷಯದಲ್ಲಿ ನಾನೇ ಬಾಯಿ ಬಿಡಲಿ ಎಂದು ಕಾಯುತ್ತಿದ್ದರು.

"ಆಯ್ತು," ಎಂದೆ.

ಚಪ್ಪಾಳೆ ಇರಲಿಲ್ಲ, ಬರೀ ಮಾತು. ಆದರೂ ಅವರು ಥಟ್ಟನೆ ತಿರುಗಿದರು. "ಏನೇ?" ಎಂದರು. ಎಂಟು ವರ್ಷದಲ್ಲಿ ನನ್ನ ಬಾಯಿಂದ ಅವರ ಹೆಸರು ಅದೇ ಮೊದಲು. ಕಿವಿಯವರೆಗೂ ಕೆಂಪಾಗಿ ನಿಂತಿದ್ದರು ಪುಣ್ಯಾತ್ಮ, ಮೊದಲ ರಾತ್ರಿಯ ಮದುಮಗನೂ ಅಷ್ಟು ನಾಚಿರಲಾರ. ತಡಿಯವರು ಹಾಳೆಯನ್ನು ಉದ್ದಕ್ಕೂ ಅಡ್ಡಕ್ಕೂ ಹರಿದರು. ಅವರ ಕೈಯಲ್ಲಿ ಬೇಗ ಮುಗಿದ ಮೊಕದ್ದಮೆ ಅದೊಂದೇ ಎಂದು ಊರು ಬಹಳ ಕಾಲ ಆಡಿಕೊಂಡಿತು.

ಮಗಳು ಕುಂಟಲಿಲ್ಲ. ಚಳಿಗಾಲದಲ್ಲಿ ಮಾತ್ರ ಎಡಗಾಲನ್ನು ಸ್ವಲ್ಪ ಎಳೆದು ಹಾಕುತ್ತಾಳೆ, ಗೊತ್ತಿದ್ದವರಿಗೆ ಮಾತ್ರ ಕಾಣುತ್ತದೆ. ದೊಡ್ಡ ಬಾ, ಚಿಕ್ಕ ಬಾ ಎಂದು ಊರು ಇಬ್ಬರನ್ನೂ ಕರೆಯುತ್ತಿತ್ತು. ದೊಡ್ಡವಳಿಗೆ ಒಂದು ಚಪ್ಪಾಳೆ, ಚಿಕ್ಕವಳಿಗೆ ಎರಡು. ಹನ್ನೆರಡನೇ ವರ್ಷಕ್ಕೆ ನಾನೇ ಅವಳನ್ನು ಗೋಡೆಯ ಪಕ್ಕ ನಿಲ್ಲಿಸಿಕೊಂಡು ಪಾಯಸದ ಬಟ್ಟಲಿನ ಕತೆ ಹೇಳಿದೆ. ಅವಳು "ಪಾಯಸ ಚೆನ್ನಾಗಿತ್ತಾ?" ಎಂದು ಕೇಳಿದಳು. ಈಗ ಭಟ್ಟಿ ನೋಡಿಕೊಳ್ಳುವವಳು ಅವಳೇ. ದೊಡ್ಡ ಬಾ ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತು, ಗೋಣಿ ಹೊದಿಸಿದ್ದೀಯಾ ಎಂದು ಗಳಿಗೆಗೊಮ್ಮೆ ಕೇಳಿ ಅವಳ ತಲೆ ತಿನ್ನುತ್ತಾಳೆ.

ಊರಲ್ಲಿ ಆ ಪದ್ಧತಿ ಉಳಿದಿಲ್ಲ. ಮಗು ಹುಟ್ಟುವ ಮೊದಲೇ ಹೆಸರು ಆರಿಸಿಟ್ಟಿರುತ್ತಾರೆ, ಎಲ್ಲ ಒಳ್ಳೊಳ್ಳೆಯ ಅರ್ಥದ ಹೆಸರುಗಳೇ. ಬೆಳಿಗ್ಗೆ ಬೀದಿಯಲ್ಲಿ ಚಪ್ಪಾಳೆ ಕೇಳುವುದಿಲ್ಲ. ನಮ್ಮವರು ಹೋಗಿ ಏಳು ವರ್ಷ. ಅವತ್ತು ವಕೀಲರ ಕಚೇರಿಯಲ್ಲಿ ಬಾಯಿಗೆ ಬಂದ ಮಾತನ್ನು ಆಮೇಲೆ ನಾನು ಮತ್ತೆ ಆಡಿರಲಿಲ್ಲ, ಅತ್ತೆ ಇನ್ನೂ ಗಟ್ಟಿಮುಟ್ಟಾಗಿದ್ದರು. ಈಗ ತಡೆಯುವವರು ಯಾರೂ ಇಲ್ಲ. ತರಕಾರಿಯವನು ಕೊತ್ತಂಬರಿ ನಾಳೆ ತರ್ತೀನಿ ಎಂದರೂ ಆಯ್ತು ಎನ್ನುತ್ತೇನೆ, ಮಗಳು ಮಾತ್ರೆ ತಗೋ ಎಂದರೂ ಆಯ್ತು ಎನ್ನುತ್ತೇನೆ. ಇಲ್ಲಜ್ಜಿ ಈಚೆಗೆ ಎಷ್ಟು ಮೆತ್ತಗಾಗಿದ್ದಾಳೆ ಎಂದು ಬೀದಿಯವರೆಲ್ಲ ಆಶ್ಚರ್ಯಪಡುತ್ತಾರೆ. ಪ್ರತಿ ಸಲ ಆಯ್ತು ಎನ್ನುವ ಮೊದಲು, ಸೆರಗಿನ ಮರೆಯಲ್ಲಿ ಯಾರಿಗೂ ಕೇಳಿಸದ ಹಾಗೆ ನಾನೊಂದು ಚಪ್ಪಾಳೆ ತಟ್ಟುವುದು ಅವರಿಗೆ ಗೊತ್ತಿಲ್ಲ.